ಉಪ್ಪಿನ ಒಡ್ಡಿನ ಮೇಲೆ ಓಟದ ದಾರಿ

ಅಮೆರಿಕದ ಸ್ಯಾನ್ ಹೋಸೆ, ಸನಿವೇಲ್, ಫ್ರಿಮಾಂಟ್ ಕಡೆ ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ಓಡಿದ ಫೋಟೊಗಳನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಉದ್ದಕ್ಕೆ ಚಾಚಿದ ಮಣ್ಣಿನ ದಾರಿ, ಒಂದು ಮಗ್ಗುಲಲ್ಲಿ ಬೂದು ಕೆಸರು, ಇನ್ನೊಂದು ಮಗ್ಗುಲಲ್ಲಿ ಕುಂಕುಮ ಕದಡಿದಂಥ ಕೆಂಪು ನೀರು. ನೆರಳಿಗೆ ಒಂದು ಮರವೂ ಇಲ್ಲ. ಬಯಲುಸೀಮೆಯ ಓದುಗರಿಗೆ ಇದೆಂಥ ಪಾರ್ಕ್ ಅನ್ನಿಸಬಹುದು. ಕುಮಟಾ ತಾಲ್ಲೂಕಿನ ಸಾಣಿಕಟ್ಟಾ ಕಡೆಯವರಿಗೆ ತೋರಿಸಿದರೆ ಮಾತ್ರ ಒಂದೇ ನೋಟಕ್ಕೆ ಹೇಳುತ್ತಾರೆ: ಇದು ಉಪ್ಪಿನ ಆಗರದ ಒಡ್ಡು.

ಅದು ನಿಜ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಇವತ್ತು ಜನ ಓಡುವ, ಸೈಕಲ್ ಹೊಡೆಯುವ, ಹಕ್ಕಿ ನೋಡುವ ದಾರಿಗಳಲ್ಲಿ ಬಹಳಷ್ಟು ಓಟಕ್ಕೆಂದು ಮಾಡಿದವಲ್ಲ. ಸಮುದ್ರದ ನೀರು ಒಳಗೆ ಬರದಿರಲಿ, ಬಂದದ್ದು ಹೊರಗೆ ಹೋಗದಿರಲಿ ಎಂದು ಉಪ್ಪಿನವರು ಹಾಕಿದ ಒಡ್ಡುಗಳು ಅವು. ಜೌಗು ಸತ್ತದ್ದೇ ಆ ಒಡ್ಡುಗಳಿಂದ. ಈಗ ಆ ಜೌಗನ್ನು ಮತ್ತೆ ಬದುಕಿಸಲು ಹೊರಟಿದ್ದಾರೆ. ಒಡ್ಡು ಒಡೆದರೆ ಮುಗಿಯಿತಲ್ಲ ಎಂದು ನಮಗೂ ಮೊದಲು ಅನ್ನಿಸಿತ್ತು. ಆದರೆ ಒಡ್ಡಿನ ಹಿಂದೆ ಒಂದು ಊರಿದೆ.

ಮೊದಲು ಉಪ್ಪಿನ ಕಥೆ. ಈ ತೀರದ ಮೂಲನಿವಾಸಿಗಳಾದ ಓಲೋನಿ ಜನ ದಡದಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಕೆರೆದು ತರುತ್ತಿದ್ದರು. ಅದಕ್ಕೆ ಒಡ್ಡು ಬೇಕಿರಲಿಲ್ಲ. ಚಿನ್ನ ಹುಡುಕಲು ಜನ ನುಗ್ಗಿ ಬಂದ ಕಾಲದಲ್ಲಿ ಉಪ್ಪಿಗೆ ಬೇಡಿಕೆ ಬಂತು. 1854ರ ಹೊತ್ತಿಗೆ ವ್ಯಾಪಾರಕ್ಕೆಂದೇ ಆಗರ ಶುರುವಾಯಿತು. ಮೊದಲ ಒಡ್ಡುಗಳನ್ನು ಸಲಿಕೆ ಹಿಡಿದು ಕೈಯಿಂದಲೇ ಹಾಕಿದರು. ಹಾಕಿದವರಲ್ಲಿ ಚೀನಾದಿಂದ ಬಂದ ಕೂಲಿಯವರು ಬಹಳ ಮಂದಿ. ಅವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ, ಆ ಮಾತು ಬೇರೆ. ಸಣ್ಣ ಸಣ್ಣ ಮನೆತನಗಳ ಆಗರಗಳು ಒಂದನ್ನೊಂದು ನುಂಗುತ್ತ 1936ರಲ್ಲಿ ಲೆಸ್ಲಿ ಸಾಲ್ಟ್ ಎಂಬ ಒಂದೇ ದೊಡ್ಡ ಕಂಪನಿಯಾಯಿತು. 1978ರಲ್ಲಿ ಅದನ್ನು ಕಾರ್ಗಿಲ್ ಕೊಂಡಿತು.

ಕೆಲಸದ ರೀತಿ ನಮ್ಮ ಕರಾವಳಿಯದ್ದೇ. ನೀರನ್ನು ಒಂದು ಕೊಳದಿಂದ ಇನ್ನೊಂದಕ್ಕೆ ಬಿಡುತ್ತ ಬಿಸಿಲಿಗೆ ಇಂಗಿಸುವುದು. ಸಾಣಿಕಟ್ಟಾದಲ್ಲಿ ಮಳೆ ನಿಂತ ಮೇಲೆ ಶುರುವಾಗಿ ಮುಂಗಾರಿಗೆ ಮೊದಲು ಉಪ್ಪು ರಾಶಿ ಬೀಳಬೇಕು. ಅಲ್ಲಿಯ ತಣ್ಣನೆಯ ಬಿಸಿಲಿಗೆ ಸಮುದ್ರದ ನೀರು ಉಪ್ಪಾಗಲು ಸುಮಾರು ಐದು ವರ್ಷ ಬೇಕು. ಹಾಗಾಗಿ ಕೊಳಗಳು ಅಗಾಧ, ಒಡ್ಡುಗಳು ಮೈಲಿಗಟ್ಟಲೆ. ಉಪ್ಪು ಗಟ್ಟಿಯಾದಷ್ಟೂ ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬೇರೆಯಾಗುತ್ತವೆ. ಫೋಟೊದಲ್ಲಿ ಕಾಣುವ ಕೆಂಪು ಬಣ್ಣ ಅವುಗಳದ್ದೇ.

ಉಪ್ಪಿಗಷ್ಟೇ ಅಲ್ಲ, ಬೇಸಾಯಕ್ಕೆ, ಕಸ ಸುರಿಯಲು, ಮನೆ ಕಟ್ಟಲು ಕೂಡ ಕೊಲ್ಲಿಯ ಅಂಚನ್ನು ತುಂಬುತ್ತ ಬಂದರು. ಉಬ್ಬರ ಇಳಿತದ ಜೌಗಿನಲ್ಲಿ ಐದರಲ್ಲಿ ನಾಲ್ಕು ಪಾಲು ಹೋಯಿತು. 1961ರಲ್ಲಿ ಬರ್ಕ್ಲಿ ಊರಿನ ಮೂವರು ಹೆಂಗಸರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್ ಮತ್ತು ಎಸ್ತರ್ ಗುಲಿಕ್, ಕೊಲ್ಲಿ ಉಳಿಸಿ ಎಂದು ಸಂಘ ಕಟ್ಟಿದರು. ಸದಸ್ಯತ್ವಕ್ಕೆ ಒಂದು ಡಾಲರ್. ಹೀಗೇ ತುಂಬುತ್ತ ಹೋದರೆ ಕೊಲ್ಲಿ ಒಂದು ಅಗಲವಾದ ಹೊಳೆಯಷ್ಟೇ ಉಳಿಯುತ್ತದೆ ಎಂದು ತೋರಿಸುವ ನಕ್ಷೆಯೊಂದು ಪತ್ರಿಕೆಯಲ್ಲಿ ಬಂದಿತ್ತು, ಅದೇ ಅವರನ್ನು ಎಬ್ಬಿಸಿದ್ದು. 1965ರಲ್ಲಿ ಕೊಲ್ಲಿ ತುಂಬುವುದಕ್ಕೆ ಅನುಮತಿ ಬೇಕೆಂಬ ಕಾನೂನು ಬಂತು. 1972ರಲ್ಲಿ ದಕ್ಷಿಣ ತುದಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಧಾಮ ಘೋಷಣೆಯಾಯಿತು. ಅದಕ್ಕಾಗಿ ಓಡಾಡಿದ ಸಂಸದ ಡಾನ್ ಎಡ್ವರ್ಡ್ಸ್ ಅವರ ಹೆಸರನ್ನು ಆಮೇಲೆ ಇಟ್ಟರು. ಧಾಮದೊಳಗೂ ಉಪ್ಪಿನ ಕೆಲಸ ನಡೆದೇ ಇತ್ತು.

ಓಟದ ದಾರಿ ಬಂದದ್ದು ಇದಾದ ಮೇಲೆ. 1987ರಲ್ಲಿ ಬಿಲ್ ಲಾಕಿಯರ್ ಎಂಬ ಶಾಸಕರು ಕೊಲ್ಲಿಯ ಸುತ್ತ ಒಂದು ಕಾಲುದಾರಿ ಆಗಬೇಕೆಂದು ಮಸೂದೆ ತಂದರು. 1989ರಲ್ಲಿ ಯೋಜನೆ ಸಿದ್ಧವಾಯಿತು: 500 ಮೈಲಿಯ ದಾರಿ. ಹೊಸದಾಗಿ ಜೌಗಿನಲ್ಲಿ ದಾರಿ ಹಾಕಿದರೆ ಜೌಗು ಇನ್ನಷ್ಟು ಹಾಳು. ಒಡ್ಡುಗಳು ಹೇಗೂ ಇದ್ದವು, ಮೇಲೆ ಗಾಡಿ ಹೋಗುವಷ್ಟು ಅಗಲವೂ ಇದ್ದವು. ಅಲ್ವೀಸೊ ಎಂಬಲ್ಲಿ ಹೀಗೆ ಕೊಳಗಳನ್ನು ಸುತ್ತಿ ಬರುವ ದಾರಿ ಸುಮಾರು 9 ಮೈಲಿ. ನಡುವೆ ಎಲ್ಲೂ ನೀರು ಸಿಗದು, ನೆರಳು ಸಿಗದು. ಫೇಸ್‌ಬುಕ್ ಕಂಪನಿಯ ಮುಖ್ಯ ಕಚೇರಿಯ ಮಗ್ಗುಲಲ್ಲೇ ಇಂಥ ಹಳೆಯ ಕೊಳಗಳಿವೆ.

2003ರಲ್ಲಿ ದೊಡ್ಡ ತಿರುವು. ಕಾರ್ಗಿಲ್‌ನಿಂದ ದಕ್ಷಿಣ ಕೊಲ್ಲಿಯ 15,100 ಎಕರೆ, ಉತ್ತರದಲ್ಲಿ ಇನ್ನು 1,400 ಎಕರೆ ಕೊಳಗಳನ್ನು 10 ಕೋಟಿ ಡಾಲರ್ ಕೊಟ್ಟು ಕೊಂಡರು. ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ಕೆಲವು ದತ್ತಿ ಸಂಸ್ಥೆಗಳು ಸೇರಿ ಹಣ ಹಾಕಿದವು. 2006ರಲ್ಲಿ ಅಲ್ವೀಸೊ ಹತ್ತಿರದ ಮೂರು ಕೊಳಗಳ ಒಡ್ಡನ್ನು ಯಂತ್ರ ಹಚ್ಚಿ ಒಡೆದರು. ಉಬ್ಬರದ ನೀರು ಒಳನುಗ್ಗಿತು, ಜೊತೆಗೆ ಹೂಳು ತಂದು ಹಾಕಿತು. ಹೂಳು ಏರಿದಂತೆ ಜೌಗಿನ ಗಿಡಗಳು ತಾವಾಗಿಯೇ ಬಂದವು. ಯಾರೂ ನೆಡಬೇಕಾಗಲಿಲ್ಲ. ನಮ್ಮ ಕಾಂಡ್ಲಾ ಗಿಡವೂ ಹೀಗೆಯೇ, ನೀರಿನ ಹೋಗಿ ಬರುವಿಕೆ ಸರಿಯಿದ್ದರೆ ಬೀಜ ತೇಲಿ ಬಂದು ನಿಲ್ಲುತ್ತದೆ.

ಹಾಗಾದರೆ ಉಳಿದದ್ದನ್ನೂ ಒಡೆಯಬಾರದೇಕೆ? ಇಲ್ಲಿ ಅಲ್ವೀಸೊ ಊರಿನ ಕಥೆ ಬರುತ್ತದೆ.

ಅಲ್ವೀಸೊ ಹಿಂದೆ ಬಂದರು. ಸ್ಯಾನ್ ಹೋಸೆಯ ಸರಕೆಲ್ಲ ಇಲ್ಲಿಂದ ದೋಣಿ ಹತ್ತುತ್ತಿತ್ತು. 1864ರಲ್ಲಿ ರೈಲು ಬೇರೆ ಕಡೆಯಿಂದ ಹಾದು ಹೋಯಿತು, ಬಂದರು ಸೊರಗಿತು. ಆಮೇಲೆ ಡಬ್ಬಿ ಕಾರ್ಖಾನೆ, ಮೀನು, ತೋಟದ ಕೂಲಿ. ಮೆಕ್ಸಿಕೊ ಮೂಲದ ಬಡ ಕುಟುಂಬಗಳು ಬಂದು ನೆಲೆಸಿದವು. ಸುತ್ತಲಿನ ಸಾಂತಾ ಕ್ಲಾರಾ ಕಣಿವೆ ಆಗ ಹಣ್ಣಿನ ತೋಟಗಳ ಸೀಮೆ. ತೋಟಕ್ಕೆ ನೀರು ಭೂಮಿಯೊಳಗಿಂದ. ಶುರುವಿನಲ್ಲಿ ಕೊರೆದರೆ ನೀರು ತಾನಾಗಿ ಉಕ್ಕುತ್ತಿತ್ತು. ಬರುಬರುತ್ತ ಪಂಪು, ಇನ್ನೂ ಆಳ, ಇನ್ನೂ ಪಂಪು. ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಇನ್ನೊಂದು ಆಯಿತು. ಅಲ್ಲಿನ ನೆಲ ಗಟ್ಟಿ ಕಲ್ಲಿನದಲ್ಲ, ಜೇಡಿಮಣ್ಣು ಮರಳಿನ ಪದರಗಳದ್ದು. ನೀರು ಹೀರಿದಂತೆ ಜೇಡಿ ಪದರ ಹಿಂಡಿ ಕುಗ್ಗಿತು, ಮೇಲಿನ ನೆಲವೇ ಕುಸಿಯಿತು. 1910ರಿಂದ 1969ರ ನಡುವೆ ಸ್ಯಾನ್ ಹೋಸೆ ಪೇಟೆಯ ನೆಲ ಸುಮಾರು 13 ಅಡಿ ಇಳಿಯಿತು. ಬಿರುಕು ಇಲ್ಲ, ಸದ್ದು ಇಲ್ಲ, ಇಡೀ ಊರು ನಿಧಾನಕ್ಕೆ ಕೆಳಗೆ. ಹೊರಗಿನಿಂದ ನೀರು ತಂದು, ಇಂಗುಗುಂಡಿಗಳಿಗೆ ಬಿಟ್ಟ ಮೇಲೆ ಕುಸಿತ ನಿಂತಿತು. ಇಳಿದದ್ದು ಮತ್ತೆ ಏರಲಿಲ್ಲ.

ಕೊಲ್ಲಿಯ ಅಂಚಿನಲ್ಲಿದ್ದ ಅಲ್ವೀಸೊ ಹೀಗೆ ಸಮುದ್ರಮಟ್ಟಕ್ಕಿಂತ ಕೆಳಗೆ ಬಿತ್ತು. ತೋಟದ ಲಾಭ ಕಂಡವರು ಬೇರೆ, ತಗ್ಗಿಗೆ ಬಿದ್ದವರು ಬೇರೆ. 1968ರಲ್ಲಿ ಕೂದಲೆಳೆಯ ಅಂತರದ ಮತದಲ್ಲಿ ಊರು ಸ್ಯಾನ್ ಹೋಸೆ ನಗರಕ್ಕೆ ಸೇರಿತು. 1983ರ ಮಳೆಗಾಲದಲ್ಲಿ ಹೊಳೆ ಒಡ್ಡು ದಾಟಿ ಬಂದು ಊರೆಲ್ಲ ಮುಳುಗಿತು, ಜನರನ್ನು ಬೇರೆ ಕಡೆ ಸಾಗಿಸಬೇಕಾಯಿತು. ಉಪ್ಪಿನವರ ಒಡ್ಡು ಪ್ರವಾಹ ತಡೆಯಲೆಂದು ಕಟ್ಟಿದ್ದಲ್ಲ, ಅಷ್ಟು ಎತ್ತರವೂ ಇಲ್ಲ, ಗಟ್ಟಿಯೂ ಇಲ್ಲ. ಆದರೂ ಕೊಲ್ಲಿಯ ಕಡೆಯಿಂದ ಈ ಊರಿಗೆ ಇದ್ದದ್ದು ಅದೊಂದೇ ಗೋಡೆ. ಬೆಳಿಗ್ಗೆ ಓಡುವವರ ಕಾಲಡಿಯಲ್ಲಿ ಇರುವುದು ಅದೇ.

ಕೆಸರಿನೊಳಗೂ ಒಂದು ಹಳೆಯ ಲೆಕ್ಕ ಕೂತಿದೆ. ಸ್ಯಾನ್ ಹೋಸೆಯ ದಕ್ಷಿಣಕ್ಕೆ ನ್ಯೂ ಆಲ್ಮಡೆನ್ ಎಂಬ ಪಾದರಸದ ಗಣಿ ಇತ್ತು. ಚಿನ್ನ ಬೇರ್ಪಡಿಸಲು ಪಾದರಸ ಬೇಕು. ಚಿನ್ನದ ಕಾಲದಲ್ಲಿ ಈ ಗಣಿ ಜೋರಾಗಿ ನಡೆಯಿತು. ಗಣಿಯ ಕಸ ಗ್ವಾಡಲೂಪೆ ಹೊಳೆಯಲ್ಲಿ ತೇಲಿ ಬಂದು ಅಲ್ವೀಸೊ ಕೆಸರಿನಲ್ಲಿ ಕೂತಿತು. ಒಡ್ಡನ್ನು ಒಮ್ಮೆಗೇ ಒಡೆದರೆ ನೀರಿನ ರಭಸಕ್ಕೆ ಅದು ಮೇಲೆದ್ದು ಮೀನಿಗೆ, ಮೀನು ತಿನ್ನುವ ಹಕ್ಕಿಗೆ ಸೇರಬಹುದು. ಅದಕ್ಕೇ ಎ8 ಎಂಬ ಕೊಳದಲ್ಲಿ ಒಡೆಯುವ ಬದಲು ಬಾಗಿಲುಗಳನ್ನು ಇಟ್ಟರು. 2011ರಿಂದ ಸ್ವಲ್ಪ ಸ್ವಲ್ಪ ತೆರೆಯುತ್ತ, ಮೀನು ಮತ್ತು ಹಕ್ಕಿಮೊಟ್ಟೆಗಳಲ್ಲಿ ಪಾದರಸ ಎಷ್ಟಿದೆ ನೋಡುತ್ತ ಮುಂದುವರಿದರು. ತಪ್ಪಿದರೆ ಮತ್ತೆ ಮುಚ್ಚಬಹುದು ಎಂಬುದೇ ಬಾಗಿಲಿನ ಅನುಕೂಲ.

ಹಕ್ಕಿಗಳದ್ದೂ ಒಂದೇ ಮಾತಲ್ಲ. ಜೌಗಿನ ಕೋಳಿಗೆ, ಜೌಗಿನಲ್ಲೇ ಬದುಕುವ ಒಂದು ಪುಟ್ಟ ಇಲಿಗೆ ಉಬ್ಬರದ ನೀರು ಬೇಕು. ಒಣಗಿದ ಉಪ್ಪಿನ ನೆಲದ ಮೇಲೆ ಮೊಟ್ಟೆ ಇಡುವ ಪ್ಲವರ್ ಹಕ್ಕಿಗೆ ಒಡ್ಡು ಇರಬೇಕು. ನೂರೈವತ್ತು ವರ್ಷದಲ್ಲಿ ಹಕ್ಕಿಗಳೂ ಆಗರಕ್ಕೆ ಹೊಂದಿಕೊಂಡಿವೆ. ಹಾಗಾಗಿ ಕೊಳಗಳಲ್ಲಿ ಕನಿಷ್ಠ ಅರ್ಧ, ಹೆಚ್ಚೆಂದರೆ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ಸಮುದ್ರಕ್ಕೆ ಬಿಡುವುದೆಂದು ಗುರಿ ಇಟ್ಟಿದ್ದಾರೆ. ಉಳಿದವು ಕೊಳಗಳಾಗಿಯೇ ಇರುತ್ತವೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಕೆಲವು ಒಡ್ಡುಗಳಿಗೆ ಓಟಗಾರರನ್ನು ಬಿಡುವುದಿಲ್ಲ.

ಇದನ್ನೆಲ್ಲ ನಾವು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಅಘನಾಶಿನಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಕಡೆಯೂ ಒಡ್ಡಿನ ಇತಿಹಾಸವೇ ಇತಿಹಾಸ. ಸಾಣಿಕಟ್ಟಾ, ಮಾಣಿಕಟ್ಟಾ ಎಂಬ ಊರ ಹೆಸರುಗಳಲ್ಲೇ ಕಟ್ಟ ಇದೆ. ಗಜನಿ ಭೂಮಿಯಲ್ಲಿ ಊರವರೇ ಸೇರಿ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಕಟ್ಟೆ ಕಾಯುವುದೂ ಎಲ್ಲರ ಸರದಿ. ಆಮೇಲೆ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಸರ್ಕಾರ ಕಾಯಂ ಒಡ್ಡು ಹಾಕಿತು, ಸರದಿ ಸಡಿಲವಾಯಿತು, ಸಿಗಡಿಯ ಹಣ ಬಂದು ಕಗ್ಗ ಹಿಂದೆ ಸರಿಯಿತು. ಇನ್ನು ಮುಂದೆ ಅಳಿವೆಯ ದಡದಲ್ಲಿ ನಡಿಗೆ ದಾರಿ, ಪ್ರವಾಸಿ ದಾರಿ ಎಂಬ ಮಾತು ಬರುವುದು ಸಹಜ. ಬಂದಾಗ ಯಾವ ಒಡ್ಡು ಯಾರ ಗದ್ದೆಯನ್ನು, ಯಾರ ಮನೆಯನ್ನು ಕಾಯುತ್ತಿದೆ ಎಂಬ ಪಟ್ಟಿ ಮೊದಲು ಗ್ರಾಮಸಭೆಯ ಮೇಜಿನ ಮೇಲೆ ಇರಬೇಕು ಎಂಬುದು ನಮ್ಮ ಅಭಿಪ್ರಾಯ.

ಕೊಲ್ಲಿಯ ಜನ ಅದಕ್ಕೆ ದುಡ್ಡನ್ನೂ ಕೊಟ್ಟರು. 2016ರ ಜೂನ್‌ನಲ್ಲಿ ಸುತ್ತಲಿನ ಒಂಬತ್ತು ಕೌಂಟಿಗಳ ಮತದಾರರು ಪ್ರತಿ ಆಸ್ತಿಗೆ ವರ್ಷಕ್ಕೆ 12 ಡಾಲರ್‌ನಂತೆ 20 ವರ್ಷ ತೆರಿಗೆ ಕಟ್ಟಲು ಒಪ್ಪಿದರು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಅದಕ್ಕಿಂತ ಹೆಚ್ಚೇ ಬಿತ್ತು. ಅಲ್ವೀಸೊ ಊರಿಗಾಗಿ ಈಗ ಸುಮಾರು 15 ಅಡಿ ಎತ್ತರದ, ನಾಲ್ಕು ಮೈಲಿ ಉದ್ದದ ಹೊಸ ಒಡ್ಡಿನ ಯೋಜನೆ ನಡೆದಿದೆ. ಮೊದಲು ಅದು ನಿಲ್ಲಬೇಕು, ಆಮೇಲೆ ಹೊರಗಿನ ಹಳೆಯ ಉಪ್ಪಿನ ಒಡ್ಡುಗಳನ್ನು ಹಂತಹಂತವಾಗಿ ಸಮುದ್ರಕ್ಕೆ ಬಿಡಬೇಕು ಎಂಬುದು ಕ್ರಮ. ಹೊಸ ಒಡ್ಡಿನ ನೆತ್ತಿಯ ಮೇಲೂ ಓಟದ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ.