ಬವಳಿಯ ಬೇರು ಕಿವಿಯಲ್ಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಯಾರಿಗಾದರೂ ಬವಳಿ ಬಂದರೆ ‘ಪಿತ್ತ ಹೆಚ್ಚಾಗೇತಿ’ ಎನ್ನುವುದು ರೂಢಿ. ಕಿವಿಯತ್ತ ಗಮನ ಹೋಗುವುದು ಕಡಿಮೆ.

ಶಾಸ್ತ್ರಗಳಲ್ಲೂ ಬಹುಕಾಲ ಹೀಗೆಯೇ ಇತ್ತು. ಸುಶ್ರುತ ಸಂಹಿತೆ ಕರ್ಣನಾದ, ಬಾಧಿರ್ಯಗಳನ್ನು ಕಿವಿಯ ರೋಗಗಳಲ್ಲಿ ಎಣಿಸಿತು. ತಲೆಸುತ್ತು, ಅಂದರೆ ‘ಭ್ರಮ’ಕ್ಕೆ, ಆಯುರ್ವೇದದಲ್ಲಿ ಬೇರೆಯೇ ಸ್ಥಾನ. ಯುರೋಪಿನ ವೈದ್ಯರಾದರೋ ಮಿದುಳಿಗೆ ರಕ್ತ ನುಗ್ಗಿದೆಯೆಂದು ಬಗೆದು ರೋಗಿಯ ರಕ್ತವನ್ನೇ ಹರಿಸುತ್ತಿದ್ದರು.

ತಲೆಸುತ್ತು, ಕಿವಿಯ ಮೊರೆತ, ಕಿವುಡುತನ ಜೊತೆಯಾಗಿ ಬಂದರೆ ಮೂಲ ಒಳಗಿವಿಯಲ್ಲಿದೆ ಎಂದು 1861ರಲ್ಲಿ ಸಾರಿದವನು ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್. ಮರುವರ್ಷವೇ ಆತ ತೀರಿಕೊಂಡ. ರೋಗಕ್ಕೆ ಅವನ ಹೆಸರು ಉಳಿಯಿತು. 1938ರಲ್ಲಿ ಲಂಡನ್ ಮತ್ತು ಜಪಾನಿನ ಸಂಶೋಧಕರು ಮೃತ ರೋಗಿಗಳ ಒಳಗಿವಿಯನ್ನು ಪರೀಕ್ಷಿಸಿ, ದ್ರವ ಹೆಚ್ಚಿ ಪೊರೆ ಉಬ್ಬಿದ್ದನ್ನು ಕಂಡರು. ಅದು ಹೆಚ್ಚುವುದೇಕೆ ಎಂಬುದು ಇಂದಿಗೂ ಪೂರ್ತಿ ಬಿಡಿಸದ ಒಗಟು.

ತಲೆಸುತ್ತು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ಅದು ಮರಳಿ ಮರಳಿ ಬಂದಂತೆ ಕೇಳುವ ಶಕ್ತಿ ಸವೆಯುತ್ತದೆ. ಔಷಧದ ಜೊತೆಗೆ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುವುದುಂಟು. ರೊಟ್ಟಿಯ ಜೊತೆಗಿನ ರಂಜಕದಲ್ಲಿ ಖಾರಕ್ಕಿಂತ ಉಪ್ಪಿನ ಬಗ್ಗೆಯೇ ಇಂಥವರು ಎಚ್ಚರ ವಹಿಸಬೇಕು. ಬವಳಿ ಬಂದವರನ್ನು ‘ಕಿವಿ ಗುಂಯ್ ಅಂತೈತೇನು?’ ಎಂದು ಮೊದಲೇ ಕೇಳಿದರೆ, ಉಳಿದ ಕಿವಿಯಾದರೂ ಉಳಿದೀತು.