ತಾಯತ ಅಂತ ಹೆಸರಿಟ್ಟುಕೊಂಡ ಬ್ರೇಕು

ಬಂಡೆ ಹತ್ತೋದರ ಬಗ್ಗೆ ಮಾತಾಡಿದಾಗಲೆಲ್ಲ ನನಗೆ ಬರೋ ಮೆಸೇಜ್ ಒಂದೇ: "ಈಗಷ್ಟೇ ಕ್ಲೈಂಬಿಂಗ್ ಶುರು ಮಾಡಿದೀನಿ, ಗ್ರಿಗ್ರಿ ತಗೊಳ್ಳಲಾ? ಅದು ಆಟೊಮ್ಯಾಟಿಕ್ ಅಲ್ವಾ?" ಆ ಆಟೊಮ್ಯಾಟಿಕ್ ಅನ್ನೋ ಪದದ ಮೇಲೆ ನನಗೊಂದು ಹಳೇ ಸಿಟ್ಟಿದೆ. ಇವತ್ತು ಅದನ್ನ ತೀರಿಸಿಕೊಳ್ತೀನಿ.

ಗೊತ್ತಿಲ್ಲದವರಿಗೆ ಒಂದು ಮಾತು. ಹತ್ತುವವನು ಹಗ್ಗದ ಒಂದು ತುದಿ ಕಟ್ಟಿಕೊಂಡಿರ್ತಾನೆ. ಕೆಳಗೆ ನಿಂತವರು ಹಗ್ಗ ಬಿಡ್ತಾ ಹೋಗಬೇಕು, ಅವನು ಜಾರಿದರೆ ಹಿಡಿದು ನಿಲ್ಲಿಸಬೇಕು. ಇದೇ ಬಿಲೇ.

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ವಾಲ್‌ನಲ್ಲಿ ನಾನು ಗೆಳೆಯನಿಗೆ ಬಿಲೇ ಮಾಡ್ತಿದ್ದೆ. ಕೈಯಲ್ಲಿ ಗ್ರಿಗ್ರಿ. ಅವನು ನಾಲ್ಕನೇ ಬೋಲ್ಟ್ ಹತ್ರ "ಹಗ್ಗ ಕೊಡೋ" ಅಂತ ಕೂಗಿದ. ಬೇಗ ಕೊಡೋಣ ಅಂತ ಇಡೀ ಡಿವೈಸನ್ನೇ ಮುಷ್ಟಿಯಲ್ಲಿ ಹಿಡಿದು ಹಗ್ಗ ಎಳೆದೆ. ಅದೇ ಕ್ಷಣಕ್ಕೆ ಅವನ ಕಾಲು ಜಾರಿತು. ಗಾಬರಿಯಲ್ಲಿ ನಾನು ಮುಷ್ಟಿ ಇನ್ನೂ ಬಿಗಿ ಮಾಡಿದೆ. ಅವನು ಸೀದಾ ಮ್ಯಾಟ್ ಮೇಲೆ ಬಂದ. ಪಾದ ಊದಿಕೊಂಡು ಮೂರು ವಾರ ಕುಂಟಿದ.

ಅಲ್ಲಿದ್ದ ಕೋಚ್ ಅಣ್ಣ ಬಂದು ಕೇಳಿದ್ದು ಒಂದೇ: "ನಿನ್ನ ಕೈ ಎಲ್ಲಿತ್ತು?"

"ಗ್ರಿಗ್ರಿ ಇತ್ತಲ್ಲಾ ಅಣ್ಣಾ..."

"ಗ್ರಿಗ್ರಿ ಕೇಳಲಿಲ್ಲ. ಕೈ ಕೇಳಿದೆ."

ಆ ರಾತ್ರಿ ಮನೆಗೆ ಬಂದು ಈ ಯಂತ್ರದ ಚರಿತ್ರೆ ಓದೋಕೆ ಕೂತೆ.

ಒಂದು ಕಾಲಕ್ಕೆ ಡಿವೈಸ್ ಅನ್ನೋದೇ ಇರಲಿಲ್ಲ. ಸೆಣಬಿನ ಜಾತಿಯ ನಾರಿನ ಹಗ್ಗ, ಅದನ್ನ ಭುಜಕ್ಕೋ ಸೊಂಟಕ್ಕೋ ಸುತ್ತಿಕೊಂಡು ನಿಂತ ಮನುಷ್ಯ, ಅಷ್ಟೇ. ಜೋರಾಗಿ ಜಗ್ಗಿದರೆ ಆ ಹಗ್ಗ ತುಂಡಾಗಬಹುದಿತ್ತು. ಹಾಗಾಗಿ ಮುಂದೆ ಹತ್ತುವವನು ಬೀಳಲೇಬಾರದು ಅನ್ನೋದೇ ಆಗಿನ ನಿಯಮ. ಇದನ್ನ ಒಪ್ಪದೆ ಪ್ರಯೋಗಕ್ಕೆ ಇಳಿದವರಲ್ಲಿ ಅಮೆರಿಕದ ಬರ್ಕ್ಲಿಯ ರಿಚರ್ಡ್ ಲಿಯೊನಾರ್ಡ್ ಒಬ್ಬರು. ವೃತ್ತಿಯಲ್ಲಿ ವಕೀಲರು. 1930ರ ದಶಕದಲ್ಲಿ ಅವರು ಮತ್ತು ಗೆಳೆಯರು ಊರಿನ ಸಣ್ಣ ಬಂಡೆಗಳ ಮೇಲೆ ಬೇಕಂತಲೇ ಬಿದ್ದು, ಹಿಡಿಯೋದನ್ನ ಅಭ್ಯಾಸ ಮಾಡಿದರು. 1946ರಲ್ಲಿ ಲಿಯೊನಾರ್ಡ್ ಮತ್ತು ಆರ್ನಲ್ಡ್ ವೆಕ್ಸ್ಲರ್ ಸಿಯೆರಾ ಕ್ಲಬ್ಬಿನ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಹಗ್ಗವನ್ನ ಗಕ್ಕನೆ ನಿಲ್ಲಿಸಬೇಡಿ, ಸ್ವಲ್ಪ ಜಾರೋಕೆ ಬಿಟ್ಟು ನಿಲ್ಲಿಸಿ, ಆಗ ಹೊಡೆತ ಹಂಚಿಹೋಗುತ್ತೆ ಅನ್ನೋದು ಸಾರಾಂಶ. ಎಷ್ಟು ಜಾರಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ಕೈ ಮತ್ತು ಸುಡ್ತಿದ್ದ ಸೊಂಟ.

ಎರಡನೇ ಮಹಾಯುದ್ಧದ ನಂತರ ಹಿಗ್ಗುವ ನೈಲಾನ್ ಹಗ್ಗ ಬಂತು, ಹೊಡೆತದ ದೊಡ್ಡ ಪಾಲನ್ನ ಹಗ್ಗವೇ ನುಂಗೋಕೆ ಶುರುವಾಯ್ತು. 1960ರ ದಶಕದ ಕೊನೆಗೆ ಜರ್ಮನಿಯ ಫ್ರಿಟ್ಸ್ ಸ್ಟಿಕ್ಟ್ ಹೆಸರಿನ ತೂತಿನ ಪ್ಲೇಟ್ ಬಂತು. ತೂತಿನಲ್ಲಿ ಹಗ್ಗ ಮಡಚಿ ತೂರಿಸಿದರೆ ಘರ್ಷಣೆ ಸೊಂಟದ ಬದಲು ಲೋಹದ ಮೇಲೆ. ಇವತ್ತು ಎಟಿಸಿ ಅಂತ ಕರೆಯೋ ಟ್ಯೂಬ್ ಥರದ ಡಿವೈಸ್ ಅದರದ್ದೇ ವಂಶ. ಇವೆಲ್ಲಕ್ಕೂ ಒಂದು ಷರತ್ತು: ಕೈ ಬಿಟ್ಟರೆ ಏನೂ ಹಿಡಿಯಲ್ಲ.

1980ರ ದಶಕದಲ್ಲಿ ಯುರೋಪಿನಲ್ಲಿ ಬೋಲ್ಟ್ ಹೊಡೆದ ಸ್ಪೋರ್ಟ್ ಕ್ಲೈಂಬಿಂಗ್ ಜೋರಾಯ್ತು. ಈಗ ಬೀಳೋದು ಅಪಘಾತ ಅಲ್ಲ, ಅಭ್ಯಾಸದ ಭಾಗ. ಒಂದೇ ಕಷ್ಟದ ಜಾಗದಲ್ಲಿ ಹತ್ತು ಸಲ ಬೀಳ್ತಾರೆ, ಮಧ್ಯೆ ಹಗ್ಗದಲ್ಲೇ ಜೋತು ಬಿದ್ದು ಯೋಚನೆ ಮಾಡ್ತಾರೆ. ಕೆಳಗಿರುವವನ ಕೈ ಏನಾಗಬೇಕು ಹೇಳಿ? ಇದಕ್ಕೆ ಉತ್ತರ ಕೊಟ್ಟದ್ದು ಫ್ರಾನ್ಸಿನ ಗ್ರೆನೋಬ್ಲ್ ಹತ್ತಿರದ ಕ್ರೋಲ್ ಊರಿನ ಪೆಟ್ಜಲ್ ಕಂಪನಿ. ಸ್ಥಾಪಕ ಫೆರ್ನಾಂಡ್ ಪೆಟ್ಜಲ್ ಬಂಡೆ ಹತ್ತೋರಿಗಿಂತ ಹೆಚ್ಚಾಗಿ ಗುಹೆ ಹೊಕ್ಕು ನೋಡೋರು. ಹಗ್ಗದಲ್ಲಿ ಕತ್ತಲೆಗೆ ಇಳಿಯೋರಿಗೆ, ಹಿಡಿ ಬಿಟ್ಟರೆ ತಾನೇ ನಿಲ್ಲೋ ಸಾಧನವನ್ನ ಆ ಕಂಪನಿ ಮೊದಲೇ ಮಾಡಿತ್ತು. 1991ರಲ್ಲಿ ಬಂಡೆಯವರಿಗೆ ಗ್ರಿಗ್ರಿ ಬಂತು.

ಒಳಗೆ ಒಂದು ತಿರುಗೋ ತುಂಡು ಇದೆ, ಕ್ಯಾಮ್ ಅಂತಾರೆ. ನಿಧಾನವಾಗಿ ಎಳೆದರೆ ಹಗ್ಗ ಬರುತ್ತೆ, ಜೋರಾಗಿ ಜಗ್ಗಿದರೆ ಕ್ಯಾಮ್ ತಿರುಗಿ ಹಗ್ಗವನ್ನ ಕಚ್ಚಿ ಹಿಡಿಯುತ್ತೆ, ಕಾರಿನ ಸೀಟ್ ಬೆಲ್ಟ್ ಥರ. ನಾನು ಆ ದಿನ ಮುಷ್ಟಿಯಲ್ಲಿ ಅದುಮಿದ್ದು ಇದೇ ಕ್ಯಾಮನ್ನ. ಅದು ತಿರುಗೋಕೆ ನಾನೇ ಬಿಟ್ಟಿಲ್ಲ.

ಹೆಸರು ಮಾತ್ರ ಸೊಗಸಾಗಿದೆ. ಗ್ರಿಗ್ರಿ ಅಂದ್ರೆ ಪಶ್ಚಿಮ ಆಫ್ರಿಕಾದಲ್ಲಿ ಕಟ್ಟಿಕೊಳ್ಳೋ ತಾಯತ. ಕಟ್ಟಿಕೊಂಡ ಮೇಲೆ ಧೈರ್ಯ ಬರುತ್ತೆ, ಅಲ್ವಾ? ಬಿಕಾಂನಲ್ಲಿ ಇನ್ಶೂರೆನ್ಸ್ ಪಾಠ ಮಾಡುವಾಗ ಮಾರಲ್ ಹಜಾರ್ಡ್ ಅಂತ ಒಂದು ಮಾತು ಬರುತ್ತೆ: ವಿಮೆ ಇದೆ ಅಂತ ಗೊತ್ತಾದ ಮೇಲೆ ಜನ ಬಾಗಿಲಿಗೆ ಬೀಗ ಹಾಕೋದು ಮರೀತಾರೆ. ಆಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಗೆಳೆಯನ ಊದಿದ ಪಾದ ನೋಡಿದ ಮೇಲೆ.

ಯಂತ್ರ ಕೂಡ ತಪ್ಪು ಮಾಡಿದೆ. 2011ರಲ್ಲಿ ಗ್ರಿಗ್ರಿ 2 ಬಂದ ವರ್ಷವೇ ಕಂಪನಿ ಒಂದಷ್ಟನ್ನ ವಾಪಸ್ ಕರೆಸಿಕೊಳ್ತು. ಪೂರ್ತಿ ಎಳೆದ ಹಿಡಿಯ ಮೇಲೆ ಅತಿಯಾಗಿ ಬಲ ಹಾಕಿದರೆ ಅದು ತೆರೆದೇ ಸಿಕ್ಕಿಕೊಳ್ಳೋ ಸಾಧ್ಯತೆ ಇತ್ತು. 2012ರಲ್ಲಿ ಬಂದ ಯುರೋಪಿನ ಮಾನದಂಡ ಇಎನ್ 15151-1ರ ಶೀರ್ಷಿಕೆಯಲ್ಲೇ 'ಕೈಯ ನೆರವಿನಿಂದ ಲಾಕ್ ಆಗುವ' ಅನ್ನೋ ಅರ್ಥದ ಮಾತಿದೆ. ಜರ್ಮನ್ನರು ಆಡುಮಾತಲ್ಲೂ ಅರೆ ಆಟೊಮ್ಯಾಟಿಕ್ ಅಂತಾರೆ. ಪೂರ್ತಿ ಪದ ಬಳಸೋದು ನಾವೇ. 2017ರ ಗ್ರಿಗ್ರಿ ಪ್ಲಸ್‌ನಲ್ಲಿ, ಕೆಳಗಿಳಿಸುವಾಗ ಹೆದರಿ ಹಿಡಿಯನ್ನ ಪೂರ್ತಿ ಎಳೆದರೂ ಹಗ್ಗ ನಿಲ್ಲೋ ವ್ಯವಸ್ಥೆ ಬಂತು. ಹೊಸಬರಿಗೆ ನಾನು ಅದನ್ನೇ ಹೇಳ್ತೀನಿ, ಸ್ವಲ್ಪ ಭಾರ ಆದರೂ ಪರವಾಗಿಲ್ಲ.

ಕೊಳ್ಳೋ ಮುಂಚೆ ನಿಮ್ಮ ಹಗ್ಗದ ತುದಿಯ ಪಟ್ಟಿ ಓದಿ, ದಪ್ಪ ಎಷ್ಟು ಮಿಲಿಮೀಟರ್ ಅಂತ ಇರುತ್ತೆ. ಈಗಿನ ಗ್ರಿಗ್ರಿ 8.5ರಿಂದ 11ರವರೆಗೆ ತಗೊಳ್ಳುತ್ತೆ, ಹಳೇ ಸೆಕೆಂಡ್ ಹ್ಯಾಂಡ್ ತಗೊಂಡರೆ ತೆಳು ಹಗ್ಗಕ್ಕೆ ಆಗಲ್ಲ. ಎರಡು ಎಳೆ ಹಗ್ಗದಲ್ಲಿ ಇಳಿಯೋಕೂ ಆಗಲ್ಲ, ಅದಕ್ಕೆ ಟ್ಯೂಬೇ ಬೇಕು. ಬಾದಾಮಿಯ ಬೋಲ್ಟ್ ಹೊಡೆದ ಗೋಡೆಗಳಿಗೆ ಗ್ರಿಗ್ರಿ ಹೇಳಿ ಮಾಡಿಸಿದ ಹಾಗಿದೆ. ಸಾವನದುರ್ಗದ ಉದ್ದ ದಾರಿಗಳಿಗೆ ಹೋಗೋರು ಟ್ಯೂಬನ್ನೂ ಬ್ಯಾಗಿಗೆ ಹಾಕಿಕೊಳ್ಳಿ.

ಹಗ್ಗ ಬೇಗ ಕೊಡಬೇಕಾದಾಗ ಹೆಬ್ಬೆರಳು ಮಾತ್ರ ಕ್ಯಾಮ್ ಮೇಲೆ, ಅದೂ ಒಂದು ಕ್ಷಣ. ಉಳಿದ ಬೆರಳುಗಳ ಒಳಗೆ ಬ್ರೇಕ್ ಕಡೆಯ ಹಗ್ಗ ಇರಲೇಬೇಕು. ಇದನ್ನ ನೆಲದ ಮೇಲೆ ನಿಂತು, ಗೊತ್ತಿರೋರ ಎದುರಿಗೆ ನೂರು ಸಲ ಮಾಡಿ.

ನನ್ನ ಗೆಳೆಯ ಈಗಲೂ ನನ್ನ ಬಿಲೇಯಲ್ಲೇ ಹತ್ತುತ್ತಾನೆ. ಆದರೆ ಕಾಲು ಎತ್ತೋ ಮುಂಚೆ ತನ್ನ ಕಡೆಯ ಹಗ್ಗವನ್ನ ಒಮ್ಮೆ ಜಗ್ಗಿ ಎಳೀತಾನೆ, ಕ್ಯಾಮ್ ಕಚ್ಚಿತಾ ಅಂತ ನೋಡ್ತಾನೆ, ಆಮೇಲೆ ನನ್ನ ಕೈ ನೋಡ್ತಾನೆ.