ಫ್ರೀ ಕಾಲ್ ಹಿಂದಿನ ಲೆಕ್ಕ

ಗೂಗಲ್‌ಗೆ ಟೈಪ್ ಮಾಡದೆ ಬಾಯಲ್ಲೇ ಕೇಳೋದು ನಮಗೀಗ ಮಾಮೂಲಿ. ಆದ್ರೆ ಅದಕ್ಕೆ ನಮ್ಮ ಮಾತು ಅರ್ಥ ಆಗೋಕೆ ಶುರುವಾಗಿದ್ದು ಹೇಗೆ?

2007ರ ಏಪ್ರಿಲ್. ಅಮೆರಿಕದಲ್ಲಿ ಗೂಗಲ್ 'ಗೂಗ್-411' ಅನ್ನೋ ಸೇವೆ ಶುರು ಮಾಡ್ತು. ಯಾವ ಫೋನಿಂದಾದ್ರೂ ಕಾಲ್ ಮಾಡಿ, ಊರು ಹೇಳಿ, 'ಪಿಜ್ಜಾ' ಅಂದ್ರೆ ಸಾಕು, ಅಂಗಡಿ ಹುಡುಕಿ ಲೈನ್ ಕೊಡ್ತಿತ್ತು. ಇದಕ್ಕೇ ಟೆಲಿಫೋನ್ ಕಂಪನಿಗಳು ದುಡ್ಡು ತಗೊಳ್ತಿದ್ವು. ಇಲ್ಲಿ ಪೂರ್ತಿ ಫ್ರೀ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಮೊದಲ ಪ್ರಶ್ನೆ: ಲಾಭ ಎಲ್ಲಿಂದ?

ಅದೇ ವರ್ಷ ಗೂಗಲ್‌ನ ಮರಿಸ್ಸಾ ಮೇಯರ್ ಮುಚ್ಚುಮರೆ ಇಲ್ಲದೆ ಹೇಳಿದ್ರು, ತಮಗೆ ಬೇಕಿರೋದು ಜನರ ಧ್ವನಿ ಅಂತ. ಒಂದೇ ಪದವನ್ನ ಸಾವಿರಾರು ಜನ ಸಾವಿರ ಥರ ಹೇಳೋದನ್ನ ಕೇಳಿಯೇ ಮಷೀನ್ ಕಲಿಯೋದು. 2008ರ ನವೆಂಬರ್‌ನಲ್ಲಿ ಐಫೋನ್‌ಗೆ ವಾಯ್ಸ್ ಸರ್ಚ್ ಬಂತು. 2010ರ ನವೆಂಬರ್‌ನಲ್ಲಿ ಗೂಗ್-411 ಬಂದ್!

ಕನ್ನಡದ ಸರದಿ ಬಂದಿದ್ದು 2017ರ ಆಗಸ್ಟ್‌ನಲ್ಲಿ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳ ಜೊತೆ. ಅದಕ್ಕಾಗಿ ಗೂಗಲ್ ಆಯಾ ಭಾಷೆಯವರ ಕೈಲಿ ವಾಕ್ಯಗಳನ್ನ ಓದಿಸಿ ರೆಕಾರ್ಡ್ ಮಾಡಿಕೊಂಡಿತ್ತು. ಅಮೆರಿಕದವರದ್ದು ಹಸಿವಾದಾಗ ತಾನಾಗಿ ಬಂದ ಮಾತು, ನಮ್ಮದು ನೋಡಿಕೊಂಡು ಓದಿದ್ದು. ಓದೋ ಕನ್ನಡಕ್ಕೂ ಹುಬ್ಬಳ್ಳಿಯ ಸಂತೆಯಲ್ಲಿ ಆಡೋ ಕನ್ನಡಕ್ಕೂ ಎಷ್ಟು ದೂರ ಅಂತ ನಿಮಗೇ ಗೊತ್ತಲ್ಲ.